ಗಣಕಯಂತ್ರವೂ ನಮ್ಮ ಹೆಣ್ಣುಮಕ್ಕಳೂ

ಗಣಕಯಂತ್ರದ ವಿದ್ಯೆಯು ಗಂಡುಮಕ್ಕಳಿಗೆ ಸಹಜವಾದುದೆಂದೂ, ಹೆಣ್ಣುಮಕ್ಕಳಿಗೆ ಅದನ್ನು ಉಪಯೋಗಿಸುವಷ್ಟು ತಿಳಿದರೆ ಸಾಕೆಂದೂ ಹೇಳುವವರು ಇಂದಿಗೂ ಉಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು ಈ ವಿದ್ಯೆಯು ಏನೆಂಬುದನ್ನು ತಿಳಿಯತಕ್ಕದ್ದು. ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಬರೆದು ಕೊಡುವುದಕ್ಕೆ ಪ್ರೋಗ್ರಾಮ್ ಎಂದು ಹೆಸರು. ಉಣ್ಣೆ ಹೆಣೆಯಬಲ್ಲವರಿಗೆ ಇದು ತೀರ ಅಪರಿಚಿತವಾದುದಲ್ಲ. ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ. ಸಾಲು ಮುಗಿಯುವ ವರೆಗೆ ಹೀಗೆಯೇ. ಹತ್ತನೆಯ ಸಾಲು ಬಂದರೆ ಒಂದು ಕುಣಿಕೆ ಕಡಿಮೆ. ಈ ಸೂಚನೆಯಲ್ಲಿ ಕ್ರಮವಿದೆ, ಪುನರಾವೃತ್ತಿಯಿದೆ, ನಿಬಂಧನೆಯಿದೆ. ಪ್ರೋಗ್ರಾಮಿಗೆ ಆಧಾರವಾದವುಗಳೂ ಈ ಮೂರೇ. ತಪ್ಪಿದ ಕುಣಿಕೆಯನ್ನು ಹುಡುಕಿ, ಅಲ್ಲಿಯ ವರೆಗೆ ಬಿಚ್ಚಿ, ಮತ್ತೆ ಹೆಣೆಯುವ ತಾಳ್ಮೆಯೇ ಅಲ್ಲಿಯೂ ಬೇಕು.

ಇನ್ನು ಚರಿತ್ರೆಯನ್ನು ನೋಡೋಣ. 1945ರಲ್ಲಿ ಅಮೇರಿಕದ ಫಿಲಡೆಲ್ಫಿಯಾ ನಗರದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಗಣಕಯಂತ್ರವು ಸಿದ್ಧವಾಗುತ್ತಿತ್ತು. ಸುಮಾರು 18,000 ನಿರ್ವಾತ ನಳಿಗೆಗಳುಳ್ಳ, 30 ಟನ್ ತೂಕದ ಆ ಯಂತ್ರವು ಫಿರಂಗಿಯ ಗುಂಡು ಸಾಗುವ ಮಾರ್ಗವನ್ನು ಲೆಕ್ಕಹಾಕಬೇಕಾಗಿತ್ತು. ಆ ಲೆಕ್ಕವನ್ನು ಯಂತ್ರಕ್ಕೆ ಹೊಂದಿಸುವ ಕೆಲಸಕ್ಕೆ ಆರು ಮಂದಿ ತರುಣಿಯರು ಆರಿಸಲ್ಪಟ್ಟರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಕಲಿಯುವುದಕ್ಕೆ ಪಾಠಪುಸ್ತಕವಿರಲಿಲ್ಲ. ಯಂತ್ರದ ನಕ್ಷೆಗಳನ್ನೇ ಓದಿ, ತಂತಿಗಳನ್ನೂ ಸ್ವಿಚ್ಚುಗಳನ್ನೂ ಜೋಡಿಸುವ ಕ್ರಮವನ್ನು ಅವರೇ ಕಂಡುಕೊಂಡರು. 1946ರ ಫೆಬ್ರವರಿಯಲ್ಲಿ ಯಂತ್ರವು ಲೋಕಕ್ಕೆ ಪ್ರದರ್ಶಿತವಾದಾಗ ಎಲ್ಲರೂ ಬೆರಗಾದರು. ಆದರೆ ಆ ಲೆಕ್ಕವನ್ನು ಸಿದ್ಧಪಡಿಸಿದವರ ಹೆಸರನ್ನು ಯಾರೂ ಎತ್ತಲಿಲ್ಲ; ಅಂದಿನ ಔತಣಕ್ಕೂ ಅವರಿಗೆ ಕರೆ ಬರಲಿಲ್ಲ. ಅವರಿಗೆ ಸಾರ್ವಜನಿಕ ಗೌರವವು ದೊರೆತದ್ದು 1997ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ. ಹೀಗಿರುವಲ್ಲಿ ಹೆಣ್ಣಿಗೆ ಈ ವಿದ್ಯೆಯು ಒಗ್ಗದೆನ್ನುವುದು ನ್ಯಾಯವೇ?

ನಮ್ಮ ನಾಡಿನಲ್ಲಿಯೂ ನಿದರ್ಶನವಿದೆ. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1947ರಲ್ಲಿ ಅಮೇರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅವರು ಬೋಧಿಸಿದ ವಿಷಯಗಳು ಸೂಕ್ಷ್ಮತರಂಗಗಳು ಮತ್ತು ಆಂಟೆನಾಗಳು. ಇಂದು ಮೊಬೈಲ್ ಫೋನಿನ ಮಾತು ಗಾಳಿಯಲ್ಲಿ ಸಾಗುವುದು ಈ ಶಾಸ್ತ್ರದ ಬಲದಿಂದಲೇ. ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಬೋಧಿಸಿದ ಶಾಸ್ತ್ರದಿಂದ ನಡೆಯುವ ಸಾಧನವನ್ನು ಇಂದಿನ ಹೆಣ್ಣುಮಗಳ ಕೈಗೆ ಕೊಡಲು ನಾವು ಹಿಂಜರಿಯುತ್ತೇವೆ!

ಹಿಂಜರಿಯುತ್ತೇವೆಂಬುದಕ್ಕೆ ಸಾಕ್ಷಿಯಿದೆ. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಒಮ್ಮೆಯಾದರೂ ಅಂತರಜಾಲವನ್ನು ಉಪಯೋಗಿಸಿದ್ದ ಪುರುಷರು ನೂರಕ್ಕೆ 57. ಸ್ತ್ರೀಯರಾದರೋ ನೂರಕ್ಕೆ 33 ಮಾತ್ರ. ತಾವೇ ಬಳಸುವ ಮೊಬೈಲ್ ಫೋನ್ ಉಳ್ಳ ಸ್ತ್ರೀಯರು ನೂರಕ್ಕೆ 54. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನಲ್ಲಿ ನಡೆದಾಗ, ಒಂದೇ ಫೋನಿದ್ದ ಮನೆಯಲ್ಲಿ ಅದು ಮೊದಲು ಯಾರ ಕೈಗೆ ಹೋಯಿತು? ಮಗನಿಗೋ, ಮಗಳಿಗೋ? ಉತ್ತರವನ್ನು ಪ್ರತಿಯೊಂದು ಮನೆಯೂ ತಾನೇ ಬಲ್ಲದು. ಬುದ್ಧಿಯ ಕೊರತೆಯಿಂದಲ್ಲ, ಸರದಿಯ ಕೊರತೆಯಿಂದ ಹೆಣ್ಣುಮಕ್ಕಳು ಹಿಂದುಳಿಯುತ್ತಾರೆ. ಇದೇ ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತು.

ಫೋನಿನಿಂದ ಕೆಡುಕು ಬರುವುದೆಂಬ ಪೋಷಕರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹಿರಿಯರು ಬಾವಿಗೆ ಬಿದ್ದಾಳೆಂದು ಮಗಳನ್ನು ನೀರಿಗೆ ಕಳುಹಿಸದೆ ಇರಲಿಲ್ಲ. ಕಟ್ಟೆಯನ್ನು ಕಟ್ಟಿಸಿ, ಸೇದುವುದನ್ನು ಕಲಿಸಿ ಕಳುಹಿಸಿದರು. ಇಲ್ಲಿಯೂ ಹಾಗೆಯೇ ನಡೆಯುವುದು ಯುಕ್ತವು.

ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆಗಳು ಮೂರು. ಒಂದನೆಯದು, ಮನೆಯಲ್ಲಿ ಒಂದೇ ಯಂತ್ರವಿದ್ದರೆ ಮಗನಿಗೂ ಮಗಳಿಗೂ ಸಮವಾದ ಹೊತ್ತನ್ನು ಗೊತ್ತುಮಾಡಿರಿ. ಅಡಿಗೆಮನೆಯ ಕೆಲಸವು ಮಗಳ ಹೊತ್ತನ್ನು ನುಂಗದಿರಲಿ. ಎರಡನೆಯದು, ತಪ್ಪು ನಡೆದರೆ ಫೋನನ್ನು ಕಸಿದುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು ವಿಚಾರಿಸಿರಿ. ಕಸಿದುಕೊಳ್ಳುವರೆಂದು ಹೆದರಿದವಳು ಮುಂದೆ ಆಪತ್ತು ಬಂದರೂ ಬಾಯಿ ಬಿಡಲಾರಳು. ಮೂರನೆಯದು, ಕಾಲೇಜಿನ ವಿಷಯಗಳನ್ನು ಆರಿಸುವಾಗ ಅವಳ ಅಂಕಗಳನ್ನೂ ಇಚ್ಛೆಯನ್ನೂ ನೋಡಿರಿ. ಹೆಣ್ಣೆಂಬುದನ್ನು ಲೆಕ್ಕಕ್ಕೆ ತರಬೇಡಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಈ ಯಂತ್ರಗಳೊಡನೆಯೇ ದುಡಿಯುತ್ತಿದ್ದೀರಿ. ನಿಮ್ಮ ತಾಯಿಗೋ ಅತ್ತೆಗೋ ನೆರೆಯವಳಿಗೋ ವಾರಕ್ಕೊಂದು ಗಂಟೆ ಕಲಿಸಿಕೊಡಿರಿ. ಬ್ಯಾಂಕಿನಿಂದ ಬರುವ ಒ.ಟಿ.ಪಿ. ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದೂ, ಫೋನಿನ ಮೂಲಕ ಹಣದ ಮೋಸವಾದರೆ ಕೂಡಲೆ 1930 ಎಂಬ ಸಂಖ್ಯೆಗೆ ತಿಳಿಸಬೇಕೆಂದೂ ಮೊದಲನೆಯ ಪಾಠದಲ್ಲಿಯೇ ಹೇಳಿರಿ. ನೀವು ದುಡಿಯುವಲ್ಲಿ ಹೆಣ್ಣೊಬ್ಬಳು ಮಾಡಿದ ಕೆಲಸವು ಹೆಸರಿಲ್ಲದೆ ಹೋಗುತ್ತಿದ್ದರೆ, ಅವಳ ಹೆಸರನ್ನು ಸಭೆಯಲ್ಲಿ ಎತ್ತಿ ಹೇಳಿರಿ. ಫಿಲಡೆಲ್ಫಿಯಾದ ಆ ಆರು ಮಂದಿಗೆ ದೊರೆಯದೆ ಹೋದದ್ದು ಅಂಥ ಒಂದು ಮಾತೇ.