ಶಾಲೆಗೆ ಕೊಟ್ಟ ಹಣ, ಧರ್ಮದ ಬಾಬ್ತು

ತೀರಿಕೊಂಡ ತಂದೆಯ ಹೆಸರಿನಲ್ಲಿ ತಾವು ಓದಿದ ಶಾಲೆಗೆ ದತ್ತಿನಿಧಿ ಇಡುವವರು ಊರೂರಿನಲ್ಲೂ ಇದ್ದಾರೆ. ಬಡ್ಡಿ ಹಣದಲ್ಲಿ ಗೀತಾ ಪಾಠ ನಡೆಯಲಿ, ಹಾಸ್ಟೆಲ್ ಮಕ್ಕಳಿಗೆ ಉಸ್ತಾದರೊಬ್ಬರು ಬರಲಿ, ಕಾಲೇಜಿಗೆ ಚಾಪ್ಲಿನ್ ಫಾದರ್ ಒಬ್ಬರು ಇರಲಿ ಎಂಬುದು ಅವರ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೂ ಇಂಥವರು ವರ್ಷ ಕಳೆಯುವುದರೊಳಗೆ ಆದಾಯ ತೆರಿಗೆ ನೋಟಿಸ್ ಹಿಡಿದು ವಕೀಲರ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ, ಪತ್ರ ಬರೆದುಕೊಟ್ಟವನು ಫೋನ್ ಎತ್ತುವುದಿಲ್ಲ.

ಮೊದಲು ನೋಡಬೇಕಾದ್ದು ಶಾಲೆ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಎಂಬುದನ್ನು. ಪೂರ್ತಿ ಸರ್ಕಾರಿ ಹಣದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ. ಬೋಧಕರ ಸಂಬಳ ದಾನಿಯದೇ ಆದರೂ ಇಲ್ಲ. ಒಂದು ವಿನಾಯಿತಿ ಇದೆ: ಧಾರ್ಮಿಕ ಬೋಧನೆ ನಡೆಯಲೇಬೇಕೆಂಬ ಷರತ್ತಿನ ದತ್ತಿಯಿಂದ ಸ್ಥಾಪನೆಯಾಗಿ, ಈಗ ಸರ್ಕಾರ ಆಡಳಿತ ನೋಡಿಕೊಳ್ಳುತ್ತಿರುವ ಸಂಸ್ಥೆ. ಅನುದಾನಿತ ಅಥವಾ ಮಾನ್ಯತೆ ಪಡೆದ ಖಾಸಗಿ ಶಾಲೆಯಲ್ಲಿ ಬೋಧನೆ ಇರಬಹುದು, ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಅಪ್ರಾಪ್ತ ಮಗುವಾದರೆ ಪೋಷಕರ ಒಪ್ಪಿಗೆ ಬೇಕು. ದಾಖಲಾತಿ ಅರ್ಜಿಯ ಮೂಲೆಯ ಸಾಲೊಂದನ್ನು ತೋರಿಸಿ ‘ನೀವೇ ಒಪ್ಪಿದ್ದೀರಿ’ ಎನ್ನುವ ಆಡಳಿತ ಮಂಡಳಿಗಳಿವೆ. ಬೇಡ ಎನ್ನುವ ಪೋಷಕರು ಬಾಯಿಮಾತಿನಲ್ಲಿ ಬಿಡದೆ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಎಲ್ಲ ಧರ್ಮಗಳ ಕುರಿತು ತಿಳಿವಳಿಕೆ ಕೊಡುವ ಪಾಠದ ಮಾತು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಪಾಠಕ್ಕೆ ಅಡ್ಡಿಯಿಲ್ಲ ಎಂದಿತು.

ಇನ್ನು ಹಣ ಮುಳುಗುವ ಜಾಗ. ಶಾಲೆ ನಡೆಸುವ ಟ್ರಸ್ಟಿಗೆ 80ಜಿ ಅನುಮೋದನೆ, ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಅನುಮೋದನೆ ಇದ್ದರೆ, ಅದು ಒಂದು ವರ್ಷದ ಒಟ್ಟು ಆದಾಯದಲ್ಲಿ ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡಬಹುದಾದ್ದು ಶೇಕಡಾ 5ರ ಒಳಗೆ ಮಾತ್ರ. ಆದಾಯ 40 ಲಕ್ಷ ರೂಪಾಯಿ ಎನ್ನಿ, ಮಿತಿ 2 ಲಕ್ಷ. ಧರ್ಮಬೋಧಕರ ಗೌರವಧನ ತಿಂಗಳಿಗೆ 15,000 ಎಂದರೆ ವರ್ಷಕ್ಕೆ 1,80,000 ಆಯಿತು. ಅದರ ಮೇಲೆ ಶಾಲಾ ವಾರ್ಷಿಕೋತ್ಸವಕ್ಕೊಂದು ಹೋಮ, 30,000. ಮಿತಿ ದಾಟಿತು! ಒಬ್ಬ ದಾನಿಯ ಆಸೆ ತೀರಿಸಲು ಹೋಗಿ ಇಡೀ ಟ್ರಸ್ಟಿನ ಅನುಮೋದನೆಯೇ ಅಲುಗಾಡುತ್ತದೆ. ಲೆಕ್ಕಪುಸ್ತಕದಲ್ಲಿ ‘ನೈತಿಕ ಶಿಕ್ಷಣ’ ಎಂದು ಬರೆದರೆ ಸಾಕು ಎಂದು ಹೇಳಿಕೊಡುವ ಏಜೆಂಟರಿಗೆ ಕಿವಿಗೊಡಬಾರದು. ವೋಚರ್ ನೋಡಿದ ಅಧಿಕಾರಿ ಹೆಸರನ್ನಲ್ಲ, ಕೆಲಸವನ್ನು ಕೇಳುತ್ತಾರೆ. ಬೋಧನೆಯ ಖರ್ಚು ದೊಡ್ಡದಾಗುವುದಿದ್ದರೆ ಬೇರೆಯದೇ ಧಾರ್ಮಿಕ ಟ್ರಸ್ಟಿನಿಂದ ಅದನ್ನು ನಡೆಸಿ, ಆ ದೇಣಿಗೆಗೆ 80ಜಿ ಕೇಳದಿರುವುದು ಕ್ಷೇಮ.

ಟ್ರಸ್ಟ್ ಪತ್ರದ ಒಕ್ಕಣೆಯೂ ಅಷ್ಟೇ ಮುಖ್ಯ. ಪತ್ರಬರಹಗಾರರು ಹಳೆಯ ಪತ್ರವೊಂದನ್ನು ನಕಲು ಮಾಡಿ, ಹೆಸರು ಬದಲಿಸಿ ಕೊಟ್ಟುಬಿಡುತ್ತಾರೆ. ಅದರಲ್ಲಿ ‘ನಮ್ಮ ಸಮಾಜದ ಮಕ್ಕಳ ಏಳಿಗೆಗಾಗಿ’ ಎಂಬ ಸಾಲು ಕೂತಿರುತ್ತದೆ. ಒಂದೇ ಜಾತಿ, ಒಂದೇ ಧರ್ಮದವರ ಅನುಕೂಲಕ್ಕಿರುವ ಸಂಸ್ಥೆಗೆ 80ಜಿ ಸಿಗದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ತಡೆಯಿಲ್ಲ. ದಾವೂದಿ ಬೊಹ್ರಾ ಜಮಾತ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಮದರಸಾ ನೆರವೂ ಸೇರಿದ ಆ ಟ್ರಸ್ಟಿನ ಉದ್ದೇಶಗಳು ಧಾರ್ಮಿಕವೂ ಹೌದು, ದಾನದವೂ ಹೌದು ಎಂದು ಹೇಳಿ ತೆರಿಗೆ ವಿನಾಯಿತಿ ಎತ್ತಿಹಿಡಿಯಿತು. ಅದು ಟ್ರಸ್ಟಿನ ಆದಾಯದ ಮಾತು, ದಾನಿಯ ರಿಯಾಯಿತಿಯದಲ್ಲ. ಆ ತೀರ್ಪು ತೋರಿಸಿ ರಸೀದಿ ಪುಸ್ತಕ ಹಿಡಿದು ಬರುವವರನ್ನು ನಂಬಿ ಕೆಟ್ಟವರು ಸಾಕಷ್ಟಿದ್ದಾರೆ.

ದಾನಿ ಮಾಡಬೇಕಾದ್ದು ಇಷ್ಟು. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡಬಾರದು, ಕೊಟ್ಟರೆ ರಿಯಾಯಿತಿ ಇಲ್ಲ. ಮೂಲಧನ ಹಾಗೇ ಉಳಿದು ಬಡ್ಡಿ ಮಾತ್ರ ಬಳಕೆಯಾಗಬೇಕಿದ್ದರೆ ಹಣದ ಜೊತೆಗೇ ಹಾಗೆಂದು ಪತ್ರ ಕೊಡಬೇಕು. ಬಣ್ಣದ ರಸೀದಿಗೆ ತೃಪ್ತರಾಗದೆ, ಇಲಾಖೆಯ ಜಾಲತಾಣದಿಂದ ಟ್ರಸ್ಟ್ ತೆಗೆದುಕೊಡುವ 10ಬಿಇ ಪ್ರಮಾಣಪತ್ರ ಕೇಳಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇದ್ಯಾವುದರಿಂದಲೂ ರಿಯಾಯಿತಿ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿದೆ. ಇಲ್ಲಿರುವುದು ಜನರ ಬಾಯಲ್ಲಿರುವ ಹಳೆಯ ಸಂಖ್ಯೆಗಳು.

ಮಠದ ಹುಂಡಿಗೆ ಹೆಸರು ಬರೆಯದೆ ‘ಶಾಲೆಗೆ’ ಎಂದು ಲಕೋಟೆ ಹಾಕುವ ಭಕ್ತರಿಗೂ ಒಂದು ಮಾತು. ಧರ್ಮ, ದಾನ ಎರಡೂ ಉದ್ದೇಶದ ಟ್ರಸ್ಟಿನಲ್ಲಿ ಶಾಲೆಗೆಂದೇ ಬಂದ ಅನಾಮಧೇಯ ಹಣ ನಿಗದಿತ ಮಿತಿ ಮೀರಿದರೆ ಶೇಕಡಾ 30 ತೆರಿಗೆ ಬೀಳುತ್ತದೆ. ಹೆಸರು, ವಿಳಾಸ ಬರೆದರೆ ಅಷ್ಟು ಹಣ ಮಕ್ಕಳಿಗೇ ಉಳಿಯುತ್ತದೆ.

ಅಮೆರಿಕದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಹಣದಲ್ಲಿ ಇನ್ನೊಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದಕ್ಕೆ 2010ರ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು, ಹಣ ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಒಂದೇ ವಾಟ್ಸ್‌ಆ್ಯಪ್ ಗುಂಪಿನ ಗೆಳೆಯರಲ್ಲಿ ಈ ಎರಡೂ ಬಗೆಯವರು ಇರುತ್ತಾರೆ. ಶಾಲೆಯ ಕಾರ್ಯದರ್ಶಿ ಖಾತೆ ಸಂಖ್ಯೆಯನ್ನು ಗುಂಪಿಗೆ ಹಾಕುವ ಮುನ್ನವೇ ಯಾರ ಪೌರತ್ವ ಯಾವುದೆಂದು ಒಬ್ಬೊಬ್ಬರಿಂದಲೂ ಬರಹದಲ್ಲಿ ಪಡೆಯಬೇಕು.