ನಾಲ್ಕರಲ್ಲಿ ಮಾತ್ರ ಬೀಸುವ ಫ್ಯಾನು

ಎಲೆಕ್ಟ್ರಿಕ್ ಕಾರಿನ ಎಸಿ ಫ್ಯಾನು ಒಂದು, ಎರಡು, ಮೂರರಲ್ಲಿ ತಿರುಗದೆ ನಾಲ್ಕರಲ್ಲಿ ಮಾತ್ರ ಭರ್ರೆಂದು ಬೀಸಿದರೆ ಮೊದಲು ನೋಡಬೇಕಾದದ್ದು ಬ್ಲೋವರ್ ರೆಸಿಸ್ಟರನ್ನು. ದೊಡ್ಡ ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಇಷ್ಟನ್ನು ನಮಗೆ ಸರ್ವಿಸ್ ಸೆಂಟರಿನವರು ಹೇಳಿದ್ದರೆ, ಮಂಡಿ ನೋವಿನ ನಮ್ಮಮ್ಮ ಜುಲೈ ಮಳೆಯಲ್ಲಿ ಆಗುಂಬೆ ಘಾಟಿಯ ತಿರುವಿನಲ್ಲಿ ನೆನೆಯುತ್ತ ನಿಲ್ಲಬೇಕಾಗಿರಲಿಲ್ಲ.

ಸರ್ವಿಸ್ ಸೆಂಟರಿಗೆ ಹೋದಾಗ ಕಾರು ನನ್ನ ಹೆಸರಿನಲ್ಲಿದೆ ಎಂದು ಗೊತ್ತಿದ್ದೂ ಅಡ್ವೈಸರ್ ಮಾತಾಡಿದ್ದು ಜೊತೆಗೆ ಬಂದಿದ್ದ ಭಾವನ ಹತ್ತಿರ. "ಇವಿ ಅಲ್ವಾ ಸರ್, ಹೈ ವೋಲ್ಟೇಜ್. ಟ್ರೈನಿಂಗ್ ಆದವರು ಬೆಂಗಳೂರಿಂದ ಬರಬೇಕು. ಎಸಿ ಯೂನಿಟ್ ಪೂರ್ತಿ ಬದಲಾಯಿಸಬೇಕಾಗಬಹುದು" ಎಂದು ಮೂವತ್ತು ಸಾವಿರ ದಾಟುವ ಅಂದಾಜು ಬರೆದುಕೊಟ್ಟರು. ಬ್ಲೋವರ್ 12 ವೋಲ್ಟಿನದ್ದಲ್ಲವೇ ಎಂದು ನಾನು ಕೇಳಿದೆ. "ಮೇಡಂ, ಅದೆಲ್ಲ ಹಾಗೆ ಹೇಳಕ್ಕಾಗಲ್ಲ" ಎಂದರು.

ಹೇಳಬಹುದು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯಿಂದ ಓಡುವುದು ಚಕ್ರ ತಿರುಗಿಸುವ ಮೋಟರು, ಎಸಿ ಕಂಪ್ರೆಸರು. ಆ ಕೇಬಲ್‌ಗಳಿಗೆ ಕಿತ್ತಳೆ ಬಣ್ಣ ಕೊಟ್ಟಿರುವುದೇ ಮುಟ್ಟಬೇಡಿ ಎನ್ನುವುದಕ್ಕೆ. ದೀಪ, ಹಾರನ್, ವೈಪರ್, ಬ್ಲೋವರ್ ಇವೆಲ್ಲ ನಡೆಯುವುದು ಪೆಟ್ರೋಲ್ ಕಾರಿನಲ್ಲಿರುವಂಥದೇ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ಅಲ್ಲಿ ಅದನ್ನು ಆಲ್ಟರ್ನೇಟರ್ ಚಾರ್ಜ್ ಮಾಡಿದರೆ ಇಲ್ಲಿ ಡಿಸಿ ಕನ್ವರ್ಟರ್ ಮಾಡುತ್ತದೆ, ಅಷ್ಟೇ. ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು ರಸ್ತೆಗಿಳಿದದ್ದು 2001ರಲ್ಲಿ. ಇಷ್ಟು ವರ್ಷವಾದ ಮೇಲೂ ಇವಿ ಎಂಬ ಎರಡಕ್ಷರ ಹೇಳಿ ಗಿರಾಕಿಯ ಬಾಯಿ ಮುಚ್ಚಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಇನ್ನು ಭಾವ. ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಿ ರೂಢಿಯಿರುವವರು. ಮನೆಗೆ ಬಂದವರೇ ಗ್ಲೌ ಬಾಕ್ಸ್ ಕಳಚಿ ರೆಸಿಸ್ಟರ್ ಹೊರತೆಗೆದರು. ಅದರ ಸುರುಳಿಗಳ ಪಕ್ಕದಲ್ಲಿ ಒಂದು ಸಣ್ಣ ಥರ್ಮಲ್ ಫ್ಯೂಸ್ ಇರುತ್ತದೆ. ಅದು ಹೋಗಿತ್ತು. ಭಾವ ಅದನ್ನು ಕತ್ತರಿಸಿ ಎಸೆದು, ಎರಡು ತುದಿಗೂ ತಂತಿ ಸುತ್ತಿ ಮುಚ್ಚಿದರು. ಒಂದರಿಂದ ನಾಲ್ಕರವರೆಗೆ ಎಲ್ಲವೂ ಓಡಿತು. ಹಾಗೆ ಮಾಡಬೇಡಿ ಭಾವ, ಅದು ಬಿಸಿ ಹೆಚ್ಚಾದರೆ ಕಡಿದುಕೊಳ್ಳಲೆಂದೇ ಇಟ್ಟದ್ದು ಎಂದು ಅಂಗಲಾಚಿದೆ. "ಫ್ಯೂಸ್ ಬಾಕ್ಸಲ್ಲಿ ಇನ್ನೊಂದು ಇದೆಯಲ್ಲ ಮಾರಾಯ್ತಿ, ಎರಡೆರಡು ಯಾಕೆ?" ಎಂದರು. ಅಕ್ಕನೂ ಅವರ ಕಡೆಗೇ ಮಾತಾಡಿದಳು. ಮರುದಿನ ಬೆಳಿಗ್ಗೆ ಮಣಿಪಾಲದಲ್ಲಿ ಅಮ್ಮನನ್ನು ಡಾಕ್ಟರಿಗೆ ತೋರಿಸುವುದಿತ್ತು.

ತೀರ್ಥಹಳ್ಳಿ ದಾಟುವಾಗ ಹನಿ ಹನಿ ಇದ್ದದ್ದು ಆಗುಂಬೆ ಊರು ಬರುವಷ್ಟರಲ್ಲಿ ಜಡಿಮಳೆ. ಫ್ಯಾನು ಎರಡರಲ್ಲಿ, ಗಾಳಿ ಗಾಜಿನ ಕಡೆಗೆ. ಸೂರ್ಯಾಸ್ತ ನೋಡುವ ಜಾಗ ದಾಟಿ ತಿರುವುಗಳು ಶುರುವಾದವು. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಮೇಲಿನವು ಕೆಲವು ಇಳಿದಿದ್ದೆವು. ಮೊದಲು ಬಂದದ್ದು ವಾಸನೆ, ಪ್ಲಾಸ್ಟಿಕ್ ಸುಟ್ಟ ಘಾಟು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ಸೆರಗು ಮೂಗಿಗೆ ಹಿಡಿದಿದ್ದರು. ಆಮೇಲೆ ಎಸಿ ಕಿಂಡಿಯಿಂದ ತೆಳ್ಳಗೆ ಬಿಳಿ ಹೊಗೆ. ಅದೇ ಹೊತ್ತಿಗೆ ಫ್ಯಾನು ನಿಂತಿತು. ಭಾವ ಸೀಟಿನಿಂದ ಅರ್ಧ ಎದ್ದು, "ಬ್ಯಾಟರಿ ಹೊತ್ಕೊಂಡ್ತು, ಇಳೀರಿ, ಇಳೀರಿ!" ಎಂದು ಕಿರುಚಿದರು. ಹಿಂದೆ ಒಂದು ಮಿನಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಗಾಜು ಒಳಗಿನಿಂದ ಹಾಲಿನಂತೆ ಬೆಳ್ಳಗಾಗಿ, ಎದುರಿನ ತಿರುವು ಎಲ್ಲಿ ಮುಗಿಯುತ್ತದೆ, ಕಣಿವೆ ಎಲ್ಲಿ ಶುರುವಾಗುತ್ತದೆ ಎನ್ನುವುದೇ ಕಾಣದಾಯಿತು. ಬಾಗಿಲ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಬೆಟ್ಟದ ಬದಿಯ ಚರಂಡಿಯ ಅಂಚು ನೋಡಿಕೊಂಡೇ ಕಾರನ್ನು ಪಕ್ಕಕ್ಕೆ ತಂದೆ. ಹ್ಯಾಂಡ್‌ಬ್ರೇಕ್ ಹಾಕಿ, ಫ್ಯಾನಿನ ನಾಬ್ ಸೊನ್ನೆಗೆ ತಿರುಗಿಸಿ, ಕಾರು ಆಫ್ ಮಾಡಿದೆ. ಅಮ್ಮನಿಗೆ ಒಂದು ಕಾಲು ಇಳಿಸಿ ಇನ್ನೊಂದನ್ನು ಎತ್ತಲು ಆಗುತ್ತಿಲ್ಲ. ಬಸ್ಸಿನ ಕಂಡಕ್ಟರ್ ಓಡಿ ಬಂದು ಎತ್ತಿಕೊಂಡೇ ಇಳಿಸಿದ. ಕೊಡೆ ಡಿಕ್ಕಿಯಲ್ಲಿತ್ತು, ಡಿಕ್ಕಿ ತೆಗೆಯಲು ಭಾವ ಬಿಡಲಿಲ್ಲ. ಬಂಡೆಗೆ ಒರಗಿ ನಿಂತ ಅಮ್ಮ ತೊಯ್ದು ನಡುಗುತ್ತಿದ್ದರು. ಕಾಲಿಗೆ ಹತ್ತಿದ ಇಂಬಳ ಕೀಳಲೂ ನನಗೆ ಕೈ ಸ್ವಾಧೀನದಲ್ಲಿರಲಿಲ್ಲ. ಇವಿ ಬೇಡ ಎಂದಿದ್ದ ಎಲ್ಲರ ಮಾತೂ ಆಗ ಕಿವಿಯಲ್ಲಿ ಮೊಳಗಿತು.

ಹೊಗೆ ಮಾತ್ರ ಮತ್ತೆ ಬರಲಿಲ್ಲ. ಫ್ಯಾನು ಆಫ್ ಮಾಡಿದ ಕೂಡಲೇ ಕಡಿಮೆಯಾಗಿ ನಿಂತೇಹೋಗಿತ್ತು. ನಮ್ಮ ಕಾರಿನ ದೊಡ್ಡ ಬ್ಯಾಟರಿ ಇರುವುದು ನೆಲದ ಅಡಿಯಲ್ಲಿ, ವಾಸನೆ ಬಂದದ್ದು ಗ್ಲೌ ಬಾಕ್ಸ್ ಹಿಂದಿನಿಂದ. ಸಾಕಷ್ಟು ಹೊತ್ತು ದೂರ ನಿಂತು, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೈಯಿಟ್ಟು ನೋಡಿದೆ. ರೆಸಿಸ್ಟರಿನ ಕಪ್ಲರ್ ಕರಗಿ ಮುದ್ದೆಯಾಗಿತ್ತು. ನಾಲ್ಕನೇ ಸ್ಪೀಡಿನ ವೈರೂ ಅದರೊಳಗೇ ಇದ್ದದ್ದರಿಂದ ಅದೂ ಹೋಯಿತು. ಗಾಜಿಗೆ ಗಾಳಿಯಿಲ್ಲದೆ ಇಳಿಯುವುದು ಹೇಗೆ? ಬಸ್ಸಿನ ಡ್ರೈವರು ಸೋಪು ಇದೆಯಾ ಎಂದು ಕೇಳಿದರು. ಅಮ್ಮನ ಆಸ್ಪತ್ರೆ ಚೀಲದಲ್ಲಿ ಮೈಸೂರು ಸ್ಯಾಂಡಲ್ ಇತ್ತು. ಗಾಜಿನ ಒಳಬದಿಗೆ ಒಣ ಸೋಪು ತೆಳ್ಳಗೆ ಉಜ್ಜಿ, ಹತ್ತಿ ಬಟ್ಟೆಯಿಂದ ಒರೆಸಿದರೆ ಮಂಜು ಹಿಡಿಯುವುದು ತಡವಾಗುತ್ತದೆ. ಕಿಟಕಿಗಳನ್ನು ಇಳಿಸಿಕೊಂಡು, ಬಸ್ಸನ್ನು ಮುಂದೆ ಬಿಟ್ಟು, ಅದರ ಕೆಂಪು ದೀಪ ನೋಡುತ್ತ ಸೋಮೇಶ್ವರ ತಲುಪಿದೆವು. ಆ ಡ್ರೈವರಿಗೂ ಕಂಡಕ್ಟರಿಗೂ ನಾನು ಋಣಿ.

ಉಡುಪಿಯ ಬಿಡಿಭಾಗದ ಅಂಗಡಿಯಲ್ಲಿ ರೆಸಿಸ್ಟರೂ ವೈರ್ ಸಮೇತ ಕಪ್ಲರೂ ಸಾವಿರದೊಳಗೆ ಮುಗಿದವು. ಹಾಕಿದ್ದು ನಾನೇ, ನೆಂಟರ ಮನೆಯ ಅಂಗಳದಲ್ಲಿ. ಎರಡು ಸ್ಕ್ರೂ, ಒಂದು ಕಪ್ಲರ್. ಕಾರು ಚಾರ್ಜಿಗೆ ಹಾಕಿರಬಾರದು, ಕೀ ತೆಗೆದಿರಬೇಕು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು, ಕಿತ್ತಳೆ ಕೇಬಲ್ ಕಂಡರೆ ಕೈ ಹಿಂದೆ. ಕಪ್ಲರ್ ಸ್ವಲ್ಪವೇ ಕಂದಿದ್ದರೂ ಹಳೆಯದನ್ನು ಉಳಿಸಬೇಡಿ. ಸಡಿಲವಾದ ಪಿನ್ನು ಹೊಸ ರೆಸಿಸ್ಟರನ್ನೂ ಸುಡುತ್ತದೆ. ಥರ್ಮಲ್ ಫ್ಯೂಸ್ ಮಾತ್ರ ತಂದು ಬೆಸುಗೆ ಹಾಕುತ್ತೇವೆ ಎನ್ನುವವರಿಗೆ ಒಂದು ಮಾತು: ಬೆಸುಗೆಯ ಬಿಸಿಗೇ ಅದು ಹಾರಿಹೋಗುವುದುಂಟು.

ರೆಸಿಸ್ಟರ್ ಯಾಕೆ ಸುಟ್ಟಿತು ಎಂದು ಹುಡುಕದಿದ್ದರೆ ಬದಲಾಯಿಸಿಯೂ ಫಲವಿಲ್ಲ. ಅದನ್ನು ಗಾಳಿಕೊಳವೆಯ ಒಳಗೇ ಕೂರಿಸಿರುವುದು ಬ್ಲೋವರಿನ ಗಾಳಿಯಿಂದಲೇ ತಣ್ಣಗಾಗಲಿ ಎಂದು. ನಮ್ಮ ಎಸಿ ಫಿಲ್ಟರ್ ಅಡಿಕೆ ಸಿಪ್ಪೆಯ ದೂಳಿನಿಂದ ಕಂಬಳಿಯಾಗಿತ್ತು, ಗಾಳಿ ಸಾಲುತ್ತಿರಲಿಲ್ಲ. ಬ್ಲೋವರ್ ಚಕ್ರದಲ್ಲಿ ಎಲೆಚೂರು ಸಿಕ್ಕಿ ಮೋಟರು ಬಿಗಿಯಾಗಿ ತಿರುಗುತ್ತಿತ್ತು, ಅಂದರೆ ಹೆಚ್ಚು ಕರೆಂಟು ಎಳೆಯುತ್ತಿತ್ತು. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ: ಒಂದು ಓಮ್ ಸುರುಳಿಯಲ್ಲಿ 5 ಆಂಪಿಯರ್ ಹರಿದರೆ 25 ವ್ಯಾಟ್ ಬಿಸಿ, 7 ಹರಿದರೆ 49, ಹತ್ತಿರ ಹತ್ತಿರ ಇಮ್ಮಡಿ. ಆದರೂ ಅದು ಫ್ಯೂಸ್ ಬಾಕ್ಸಿನ ಫ್ಯೂಸನ್ನು ಹಾರಿಸುವಷ್ಟು ಕರೆಂಟಲ್ಲ. ಭಾವ ನಂಬಿದ್ದ ಆ ಇನ್ನೊಂದು ಫ್ಯೂಸು ಕರೆಂಟನ್ನು ಕಾಯುತ್ತದೆ, ಬಿಸಿಯನ್ನಲ್ಲ. ಬಿಸಿ ಕಾಯುತ್ತಿದ್ದದ್ದನ್ನು ಅವರು ಕತ್ತರಿಸಿ ಎಸೆದಿದ್ದರು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ್ದೇನೆ. ಕಂಪನಿಯ ಪಾರ್ಟೇ ಸರಿಯಿಲ್ಲ ಎನ್ನುವುದನ್ನು ಅವರಿನ್ನೂ ಬಿಟ್ಟಿಲ್ಲ.

ಫಿಲ್ಟರನ್ನು ಮಳೆಗಾಲಕ್ಕೆ ಮೊದಲು ಬದಲಾಯಿಸಿ. ಆಟೊಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಸುರುಳಿಯ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅದಕ್ಕೆ ಮೇಲಿನ ಲಕ್ಷಣ ಹೊಂದುವುದಿಲ್ಲ.

ಸರ್ವಿಸ್ ಸೆಂಟರಿಗೆ ಕರಗಿದ ಕಪ್ಲರಿನ ಫೋಟೊ ಇಟ್ಟು ಪತ್ರ ಬರೆದಿದ್ದೇನೆ. ನಾನು ಕೇಳಿದ್ದು ಪರಿಹಾರವಲ್ಲ. ಬ್ಲೋವರ್ ಕೆಟ್ಟ ಕಾರು ಬಂದಾಗ ರೆಸಿಸ್ಟರನ್ನು ಮೊದಲು ನೋಡಿ, ಅದರ ಪಾರ್ಟ್ ನಂಬರನ್ನು ಅಂದಾಜು ಪಟ್ಟಿಯಲ್ಲಿ ಬರೆದುಕೊಡಿ ಎಂದಷ್ಟೇ ಕೇಳಿದ್ದೇನೆ. ಉತ್ತರ ಬಂದಿಲ್ಲ. ಬರುವ ತನಕ ಬರೆಯುತ್ತೇನೆ.