ಹಾಲು ತಣಿಯದಿದ್ದರೆ ಮೊದಲು ಏನು ನೋಡಬೇಕು?



ಕರೆದ ಹಾಲು ಕೆಚ್ಚಲಿನ ಬಿಸುಪಿನಲ್ಲಿಯೇ ಸಂಘಕ್ಕೆ ಬರುತ್ತದೆ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಹುಳಿಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕುದೇರಿನ ಡೇರಿಯ ಟ್ಯಾಂಕರು ಬರುವತನಕ ಹಾಲನ್ನು ಕಾಯುವುದು ಸಂಘದ ಶೀತಲ ತೊಟ್ಟಿ. ಅದು ಕೆಟ್ಟರೆ ಒಂದೇ ಹಸು ಇಟ್ಟುಕೊಂಡವರ ಎರಡು ಲೀಟರೂ ಉಳಿದವರ ಹಾಲಿನೊಡನೆ ಹೋಗುತ್ತದೆ.

ಹೋದ ಬೇಸಗೆಯಲ್ಲಿ ಒಂದು ಸಂಘದಲ್ಲಿ ಹೀಗಾಯಿತು. ತೊಟ್ಟಿ ತಣಿಯಲಿಲ್ಲವೆಂದು ಕವಾಟದ ತಿರುಪನ್ನು ತಿರುಗಿಸಿದರು. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ಹಾಲೂ ಹೋಯಿತು, ಕಂಪ್ರೆಸರೂ ಹೋಯಿತು. ನಿಜವಾದ ದೋಷ ಕಂಡೆನ್ಸರಿಗೆ ಮೆತ್ತಿದ ಧೂಳು, ಹೊಟ್ಟು. ಒಂದು ಬ್ರಷ್ಷು ಸಾಕಾಗಿತ್ತು.

ಕವಾಟದ ಕೆಲಸವೇನು? ಅದು ಕಾಲುವೆಯ ತೂಬಿದ್ದಂತೆ. ಅದರ ಕಿರುರಂಧ್ರವನ್ನು ದಾಟಿದ ಶೀತಕದ್ರವದ ಒತ್ತಡ ಇಳಿಯುತ್ತದೆ. ಆಗ ಅದು ತೊಟ್ಟಿಯ ತಳದಲ್ಲಿ ಕುದಿದು ಆವಿಯಾಗುತ್ತ ಹಾಲಿನ ಶಾಖವನ್ನು ಹೀರುತ್ತದೆ. ಮರಳುವ ಕೊಳವೆಗೆ ಕಟ್ಟಿದ ಬಲ್ಬು, ತಾಕಿನ ಕೊನೆಯಲ್ಲಿ ನಿಂತು ನೀರು ಸಾಕು, ಬೇಕು ಎಂದು ಕೂಗುವ ಆಳು. ಆಳು ಜಾಗ ಬಿಟ್ಟರೆ ತೂಬಿನ ಲೆಕ್ಕ ತಪ್ಪುತ್ತದೆ.

ಲಕ್ಷಣಗಳನ್ನು ಈ ಕ್ರಮದಲ್ಲಿ ಗಮನಿಸಿರಿ:

1. ಮೊದಲು ವಿದ್ಯುತ್ತಿನ ಒತ್ತಡ, ಫ್ಯಾನು, ಹಾಲು ಕಲಕುವ ಕೈ, ಕಂಡೆನ್ಸರಿನ ಧೂಳು ನೋಡಿರಿ.

2. ನೋಟದ ಗಾಜಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಶೀತಕ ಸೋರಿರಬಹುದು, ಇಲ್ಲವೆ ಫಿಲ್ಟರು ಕಟ್ಟಿರಬಹುದು. ಫಿಲ್ಟರಿನ ಮುಂದಿನ ಕೊಳವೆ ಹಿಂದಿನದಕ್ಕಿಂತ ತಣ್ಣಗಿದ್ದರೆ ಕಟ್ಟಿರುವುದು ಫಿಲ್ಟರೇ.

3. ಮೊದಲು ಚೆನ್ನಾಗಿ ತಣಿದು, ಆಮೇಲೆ ನಿಂತು, ಯಂತ್ರಕ್ಕೆ ಬಿಡುವು ಕೊಟ್ಟಾಗ ಮತ್ತೆ ತಣಿದರೆ, ಒಳಗೆ ತೇವ ಸೇರಿ ಕವಾಟದ ರಂಧ್ರದಲ್ಲಿ ಮಂಜುಗಟ್ಟುತ್ತಿರಬಹುದು.

4. ಮರಳುವ ಕೊಳವೆ ಕಂಪ್ರೆಸರಿನವರೆಗೂ ಹಿಮಗಟ್ಟಿದ್ದರೆ ಯಂತ್ರವನ್ನು ಒಡನೆ ನಿಲ್ಲಿಸಿರಿ. ಬಲ್ಬಿನ ಪಟ್ಟಿ ಸಡಿಲಿರಬಹುದು, ಹೊದಿಕೆ ಬಿದ್ದಿರಬಹುದು. ದ್ರವವನ್ನು ಅದುಮಲು ಆಗದು, ಕಂಪ್ರೆಸರು ಒಡೆಯುತ್ತದೆ.

5. ಇವೆಲ್ಲ ಸರಿಯಿದ್ದೂ ಶೀತಕ ಮುಂದೆ ಹರಿಯದಿದ್ದರೆ ಬಲ್ಬಿನೊಳಗಿನ ಅನಿಲ ಸೋರಿ ಕವಾಟ ಮುಚ್ಚಿಕೊಂಡಿರಬಹುದು. ಆಗ ಕವಾಟವನ್ನೇ ಬದಲಿಸಬೇಕು.

ತಿರುಪನ್ನು ಮಾತ್ರ ನೀವು ಮುಟ್ಟಬೇಡಿರಿ. ಮರಳುವ ಆವಿ, ಶೀತಕ ಕುದಿಯುವ ಶಾಖಕ್ಕಿಂತ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಹೆಚ್ಚಿರಬೇಕು. ಇದನ್ನು ಅಳೆಯಲು ಒತ್ತಡಮಾಪಕ, ಉಷ್ಣಮಾಪಕ ಎರಡೂ ಬೇಕು. ಬಲ್ಲ ಮೆಕ್ಯಾನಿಕ್ಕೂ ಕಾಲು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಅಳೆಯುತ್ತಾನೆ. ಶೀತಕದ್ರವ ಚರ್ಮಕ್ಕೆ ತಾಕಿದರೆ ಸುಟ್ಟಂತೆ ಗಾಯವಾಗುತ್ತದೆ. ಅದನ್ನು ಗಾಳಿಗೆ ಬಿಡಲೂ ಬಾರದು.

ಕೊನೆಯದಾಗಿ, ತೊಟ್ಟಿಯ ಪಕ್ಕದಲ್ಲಿ ಒಂದು ಪುಸ್ತಕವಿಡಿರಿ. ಹಾಲು 4 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತಾಯಿತೆಂದು ಎರಡು ಹೊತ್ತೂ ಬರೆಯಿರಿ. ದಿನೇ ದಿನೇ ಹೊತ್ತು ಹೆಚ್ಚುತ್ತಿದ್ದರೆ, ಹಾಲು ಕೆಡುವ ಮೊದಲೇ ದೋಷ ತಿಳಿಯುತ್ತದೆ. ನಾವು ಅಂದು ಆ ಪುಸ್ತಕ ಇಟ್ಟಿರಲಿಲ್ಲ.